ಇಪ್ಪತ್ತನಾಲ್ಕು ಗಂಟೆಯ ಎದೆಬಡಿತ

ಸೋಮವಾರ, ಮಾರ್ಚ್ 9, ಬೆಳಿಗ್ಗೆ 8:40. ಪಶ್ಚಿಮ ಟೆಕ್ಸಸ್‌ನ ಹಾರ್ಲನ್ ಸ್ಪ್ರಿಂಗ್ಸ್ ಪೊಲೀಸ್ ಸ್ಟೇಷನ್ನಿಗೆ ಓಪಲ್ ಕ್ರೆನ್‌ಶಾ ಎಂಬ ಎಪ್ಪತ್ತೊಂದರ ಹೆಂಗಸು ಬಂದು ಮೇಜಿನ ಮೇಲೆ ಕೈಯೂರಿ ನಿಂತಳು. ಅವಳ ಮಗ ರಾಯ್ಸ್ ಶನಿವಾರ ಊರಾಚೆಯ ಔಷಧಿ ಪರೀಕ್ಷಾ ಕೇಂದ್ರದಲ್ಲಿ ಮದ್ದು ತೆಗೆದುಕೊಂಡ ಐದು ತಾಸಿನೊಳಗೆ ಹೃದಯ ನಿಂತು ಸತ್ತಿದ್ದ.

"ಅವರೇ ಕೊಂದಿದ್ದು. ಬರ್ಕೊಳಮ್ಮ."

"ಬರೀತೀನಿ, ಕೂತ್ಕೊಳ್ಳಿ," ಎಂದಳು ಇನ್ಸ್‌ಪೆಕ್ಟರ್ ಡೆಲಿಯಾ ಓಚೋವಾ. "ಮಗನಿಗೆ ಏನಾಗಿತ್ತು?"

"ಎಣ್ಣೆ ಬಾವಿ ಕೆಲಸದಲ್ಲಿ ಬೆನ್ನು ಮುರ್ಕೊಂಡ. ಡಾಕ್ಟ್ರು ನೋವಿನ ಮಾತ್ರೆ ಕೊಟ್ರು. ಒಂಬತ್ತು ವರ್ಷದಿಂದ ಅದೇ ಊಟ, ಅದೇ ನಿದ್ದೆ."

ದೂರು ದಾಖಲಾಯಿತು. ರಾಯ್ಸ್ ತೆಗೆದುಕೊಂಡದ್ದು ಗಿಡವೊಂದರ ಬೇರಿನಿಂದ ತೆಗೆದ ಮದ್ದು; ಅರ್ಧ ಶತಮಾನ ನಿಷೇಧದ ಪಟ್ಟಿಯಲ್ಲಿದ್ದ ಅದನ್ನು ಸರ್ಕಾರ ಹೋದ ವರ್ಷವಷ್ಟೇ ಸಡಿಲ ಬಿಟ್ಟಿತ್ತು. ಅದೂ ನೋವಿನ ಮಾತ್ರೆಯಂಥ ಚಟ ಬಿಡಿಸಲು, ಪರೀಕ್ಷೆಗೆ ಮಾತ್ರ, ಹೃದಯ ಗಟ್ಟಿಯಿದ್ದವರಿಗೆ ಮಾತ್ರ. ಈಗ ಒಂದು ಹೆಣ ಬಿದ್ದಿತ್ತು. ಬಾಗಿಲು ಮತ್ತೆ ಮುಚ್ಚಲು ಕಾದು ಕೂತವರಿಗೆ ಇನ್ನೇನು ಬೇಕು? ಶುಕ್ರವಾರ ರಾಜಧಾನಿ ಆಸ್ಟಿನ್‌ನಿಂದ ಸಮಿತಿ ಬರುವುದಿತ್ತು. ತಪ್ಪು ಕೇಂದ್ರದ್ದೆಂದಾದರೆ ಬೀಗ. ಮದ್ದಿನ ಸರದಿಯಲ್ಲಿ ಇನ್ನೂ ಹನ್ನೊಂದು ಮಂದಿ ಇದ್ದರು. ಮಧ್ಯಾಹ್ನದಿಂದಲೇ ಅವರ ಹೆಂಡತಿಯರು, ಅಣ್ಣತಮ್ಮಂದಿರು ಸ್ಟೇಷನ್ನಿಗೆ ಫೋನು ಮಾಡತೊಡಗಿದರು. ಮುಂದಿನ ವಾರ ನಮ್ಮವನ ಪಾಳಿ, ಮುಚ್ಚಿಬಿಡ್ತಾರಾ? ಡೆಲಿಯಾ ಕೂತಲ್ಲಿ ಕೂರಲಾರದೆ ವರಾಂಡದಲ್ಲಿ ತಿರುಗಾಡಿದಳು.

ಮಂಗಳವಾರ 10:15. ಕೇಂದ್ರದಲ್ಲಿ ಮಹಜರು ನಡೆಯಿತು. ಮದ್ದಿನ ಪ್ರಮಾಣ ಸರಿಯಿತ್ತು. ಕೇಂದ್ರದ ಡಾಕ್ಟರ್ ವ್ಯಾಂಡಿವರ್ ರಾಯ್ಸ್‌ನ ಕಡತ ಬಿಚ್ಚಿದ. ಮದ್ದು ಕೊಡುವ ಮುಂಚೆ, ಎದೆಗೆ ಕಟ್ಟಿಕೊಳ್ಳುವ ಪುಟ್ಟ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿ, ಇಪ್ಪತ್ತನಾಲ್ಕು ಗಂಟೆ ಎದೆಬಡಿತ ದಾಖಲಿಸಿದ್ದರು. ಫೆಬ್ರವರಿ 18ರದು. ಅದರಲ್ಲಿ ಒಂದೇ ಒಂದು ಬಡಿತ ತಪ್ಪಿರಲಿಲ್ಲ.

"ಮರಣೋತ್ತರ ವರದಿ ನೋಡಿದ್ರಾ?" ಡೆಲಿಯಾ ಕೇಳಿದಳು. "ಹೃದಯದಲ್ಲಿ ಹಳೇ ಕಾಯಿಲೆ ಅಂತಿದೆ."

"ನೋಡ್ದೆ. ಇಡೀ ದಿನದಲ್ಲಿ ಒಂದ್ಸಲಾನಾದ್ರೂ ಕಾಣಿಸ್ಬೇಕಿತ್ತು. ನಂಗೂ ತಲೆ ಓಡ್ತಿಲ್ಲ."

ಪೆಟ್ಟಿಗೆ ಕಟ್ಟಿಕೊಂಡವರು ಗಂಟೆಗಂಟೆಗೆ ಏನು ಮಾಡಿದೆವೆಂದು ಬರೆದಿಡಬೇಕು. ರಾಯ್ಸ್‌ನ ಹಾಳೆಯಲ್ಲಿ ಹತ್ತರಿಂದ ಎರಡರವರೆಗೆ 'ಸೋಫಾ, ಟೀವಿ' ಎಂದಿತ್ತು. ಯಂತ್ರದ ಗೆರೆ ಮಾತ್ರ ಆ ಹೊತ್ತಿನುದ್ದಕ್ಕೂ ಏರಿ, ಅರೆಗಳಿಗೆ ತಗ್ಗಿ, ಮತ್ತೆ ಏರುತ್ತಿತ್ತು. 11:22ಕ್ಕೆ ಇದ್ದಕ್ಕಿದ್ದಂತೆ ನಿಮಿಷಕ್ಕೆ ನೂರ ಅರವತ್ತೆಂಟು. ಬೆನ್ನು ಮುರಿದವನು ಸೋಫಾದಲ್ಲಿ ಕೂತು ಹೀಗೆ ಓಡುತ್ತಾನೆಯೇ?

ಬುಧವಾರ 9:05. ರಾಯ್ಸ್‌ನ ಹೆಂಡತಿ ನೆಲ್ಡಾ ಅಂಚೆಯ ಸಮವಸ್ತ್ರದಲ್ಲಿ ಬಾಗಿಲು ತೆಗೆದಳು. ಹೆಗಲಲ್ಲಿ ಚೀಲ.

"ರಜ ಹಾಕಿಲ್ವಾ?"

"ಹೆಣ ನಿಮ್ಮ ಹತ್ರಾನೇ ಇದೆಯಲ್ಲ. ಮನೇಲಿ ಕೂತು ಏನ್ ಮಾಡ್ಲಿ?"

"ಫೆಬ್ರವರಿ 18, ರಾಯ್ಸ್ ಎಲ್ಲಿದ್ದ?"

"ಮನೇಲಿ."

"ನೀವು?"

"ಕಾಗದ ಹಂಚ್ತಿದ್ದೆ. ದಿನಾ ಏಳು ಮೈಲಿ ನಡೀತೀನಿ. ಹೊತ್ತಾಯ್ತು, ಹೋಗ್ಲಾ?"

ಏಳು ಮೈಲಿ. ಮನೆಮನೆಗೂ ಅರೆಗಳಿಗೆ ನಿಂತು. ಡೆಲಿಯಾ ಸ್ಟೇಷನ್ನಿಗೆ ಬಂದವಳೇ ಕಾನ್‌ಸ್ಟೇಬಲ್ ವೆಂಡೆಲ್ ಪ್ರೂಟ್‌ನನ್ನು ಕರೆದಳು.

"18ನೇ ತಾರೀಕಿನ ಠಾಣಾ ದಿನಚರಿ ತೆಗಿ. ಹನ್ನೊಂದೂವರೆ ಆಸುಪಾಸು."

ಪ್ರೂಟ್ ಓದಿದ. "11:26. ಪೀಕನ್ ಬೀದಿ. ನಾಯಿ ಬಿಚ್ಕೊಂಡು ಪೋಸ್ಟಮ್ಮನ್ನ ಅಟ್ಟಿಸ್ಕೊಂಡು ಹೋಯ್ತು ಅಂತ ಪಕ್ಕದ ಮನೆಯವರ ಫೋನು." ತಲೆ ಎತ್ತಿದ. "ಹಿಡಿಯೋಕೆ ಹೋಗಿದ್ದು ನಾನೇ ಮೇಡಂ. ಅವಳಿಗೇನೂ ಆಗ್ಲಿಲ್ಲ, ಹರಿದಿದ್ದು ನನ್ನ ಪ್ಯಾಂಟು."

"ಅವಳೆದೆ ಎಷ್ಟು ಹೊಡ್ಕೊಂಡಿತ್ತು ಗೊತ್ತಾ? ನೂರ ಅರವತ್ತೆಂಟು."

"ಹಾಗಾದ್ರೆ ಪೆಟ್ಟಿಗೆ ಕಟ್ಕೊಂಡಿದ್ದು ಅವಳಾ?" ಎಂದ ಪ್ರೂಟ್.

ಗುರುವಾರ 7:10ಕ್ಕೆ ಇಬ್ಬರೂ ನೆಲ್ಡಾಳ ಮನೆಗೆ ಹೋದರು. ಡೆಲಿಯಾ ಗೆರೆಯ ಕಾಗದವನ್ನೂ ದಿನಚರಿಯ ಪ್ರತಿಯನ್ನೂ ಪಕ್ಕಪಕ್ಕ ಇಟ್ಟಳು. ನೆಲ್ಡಾ 11:22ರ ಗೆರೆಯ ಮೇಲೆ ಬೆರಳಿಟ್ಟಳು.

"ಆ ಹಾಳು ನಾಯಿ," ಎಂದಳು.

"ಪೆಟ್ಟಿಗೆ ನಿಮಗ್ಯಾಕೆ ಕೊಟ್ಟ?"

"ಅವತ್ತು ಮಾತ್ರೆ ತಿಂದಿದ್ದ. ಪೆಟ್ಟಿಗೆಗೆ ಗೊತ್ತಾಗುತ್ತೆ, ನಾನು ಕಟ್ಕೋತೀನಿ ಅಂದೆ. ನಂಬಿದ."

"ಹೃದಯದ ವಿಷಯ ಅವನಿಗೆ ಗೊತ್ತಿತ್ತಾ?"

"ಇಲ್ಲ."

"ನಿಮಗೆ?"

ನೆಲ್ಡಾ ಅಡುಗೆಮನೆಗೆ ಹೋಗಿ ಒಂದು ಲಕೋಟೆ ತಂದಳು. ಜನವರಿಯಲ್ಲಿ ರಾಯ್ಸ್ ಮಾತ್ರೆ ಹೆಚ್ಚಾಗಿ ಬಿದ್ದಾಗ ಸೇರಿಸಿದ್ದ ದೊಡ್ಡಾಸ್ಪತ್ರೆಯದು. ಹೃದಯ ಕೆಟ್ಟಿದೆ, ಕೂಡಲೇ ಬರಬೇಕು ಎಂದಿತ್ತು. ಹೆಸರು ರಾಯ್ಸ್‌ನದು. ಬಂದದ್ದು ಅವಳ ಚೀಲದಲ್ಲೇ.

"ಇದನ್ನ ಕೊಟ್ಟಿದ್ರೆ ಸರದಿಯಿಂದ ತೆಗೆದುಹಾಕ್ತಿದ್ರು. ಬಚ್ಚಲಲ್ಲಿ ಮೈ ನೀಲಿಗಟ್ಟಿ ಬಿದ್ದೋನ್ನ ಮೂರು ಸಲ ಎಳ್ಕೊಂಡು ಬಂದಿದೀನಿ ಮೇಡಂ. ನಾಲ್ಕನೇ ಸಲ ನಾನು ಕೆಲಸಕ್ಕೆ ಹೋಗಿರ್ತಿದ್ದೆ. ಹೃದಯ ಹೇಗೋ ತಡಿಬಹುದು ಅಂದ್ಕೊಂಡೆ. ಮಾತ್ರೆ ಅವನನ್ನ ಬದುಕೋಕೆ ಬಿಡಲ್ಲ ಅಂತ ಗೊತ್ತಿತ್ತು."

ಅವಳು ಅಳಲಿಲ್ಲ. ಸಾವಿಗೆ ಕಾರಣಳಾದದ್ದು, ಸುಳ್ಳು ದಾಖಲೆ ಒದಗಿಸಿದ್ದು; ಪ್ರೂಟ್ ಕಲಮುಗಳನ್ನು ಓದಿ ಹೇಳಿ ದಸ್ತಗಿರಿ ಮಾಡಿದ.

"ಬಾಕಿ ಹನ್ನೊಂದು ಜನಕ್ಕೆ ಮದ್ದು ಕೊಡ್ತಾರಾ?" ಜೀಪಿನಲ್ಲಿ ನೆಲ್ಡಾ ಕೇಳಿದಳು.

"ಕೇಂದ್ರದ್ದು ತಪ್ಪಿಲ್ಲ ಅಂತ ಇವತ್ತೇ ವರದಿ ಕಳಿಸ್ತೀನಿ. ಆಮೇಲೆ ಸಮಿತಿಯವರಿಗೆ ಬಿಟ್ಟಿದ್ದು."

9:50ಕ್ಕೆ ಹೇಳಿಕೆ ಮುಗಿಯಿತು. ಸಹಿ ಹಾಕುವ ಮುಂಚೆ ಇನ್ನೊಂದು ಸಾಲು ಸೇರಿಸಬೇಕೆಂದು ಅವಳು ಕೇಳಿಕೊಂಡಳು. ಕೇಸಿಗೆ ಬೇಕಾದದ್ದೇನಲ್ಲ, ಆದರೂ ಪ್ರೂಟ್ ಬರೆದುಕೊಂಡ: ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ವಿಳಾಸದಾರರಿಗೆ ನಾನು ತಲುಪಿಸದ ಕಾಗದ ಇದೊಂದೇ.