ಹಿಂದಿನವರ ಹಿಟ್ಟು

“ನಿಮ್ಮ ಹಿಟ್ಟಿನಲ್ಲಿ ಕುಲಾಂತರಿ ಸೋಯಾ ಇದೆ,” ಎಂದಳು ಮಾದರಿ ಪರೀಕ್ಷಿಸುವ ದೀಪಶ್ರೀ.

ಕೊಳ್ಳೇಗಾಲದ ಆ ಪುಟ್ಟ ಪರೀಕ್ಷಾಲಯದಲ್ಲಿ ಸಂಜೆಯ ಬೆಳಕು ಶಿವಶಂಕರನ ಹಣೆಯ ಮೇಲೆ ತಡೆದು ನಿಂತಿತು. ರಾಗಿ, ಮುಸುಕಿನ ಜೋಳ, ಕಡಲೆ ಹುರಿದು ಕಾಮಗೆರೆಯಲ್ಲಿ ಮಕ್ಕಳ ಹಿಟ್ಟು ಮಾಡುವವನು ಅವನು. ‘ಕುಲಾಂತರಿ ಧಾನ್ಯವಿಲ್ಲ’ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದವನು. ಮಾದರಿ ಕೊಡುವ ನೆಪದಲ್ಲಿ ಬಂದು, ಅವಳ ಕಣ್ಣೆದುರು ಮಾತು ಮರೆತು ಹಿಂದಿರುಗುತ್ತಿದ್ದವನು. ಬರುವ ಸೋಮವಾರ ಅವಳ ತಂದೆಯನ್ನು ಕಂಡು ಹೆಣ್ಣು ಕೇಳುವುದೆಂದು ಇಬ್ಬರೂ ನಿಶ್ಚಯಿಸಿದ್ದರು.

“ಸೋಯಾ ನಾನು ಆಕೋದೇ ಇಲ್ಲ ಕಣ್ರಿ.”

“ನಂಗೊತ್ತು. ಅದಕ್ಕೇ ಇನ್ನೊಂದ್ಸಲ ನೋಡಿದೆ. ಡಿಎನ್‌ಎ ಸಿಕ್ತು.”

“ಬ್ಯಾರೆ ಪೊಟ್ಟಣ ಕೊಡ್ತೀನಿ. ಇದನ್ನ ಬಿಟ್ಟು ಅದರ ರಿಪೋರ್ಟ್ ಬರೀರಿ.”

ಅವಳ ರೆಪ್ಪೆ ತಗ್ಗಿ, ನಿಧಾನವಾಗಿ ಎದ್ದಿತು. ಪ್ರೀತಿಯೊಳಗೆ ಇಷ್ಟು ನಿಶ್ಶಬ್ದವಾದ ನಿರಾಕರಣೆ ಇರಬಲ್ಲದೆಂದು ಅವನು ಅರಿತಿರಲಿಲ್ಲ.

“ಬರೆಯಕ್ಕಾಗಲ್ಲ. ಬರೆದ್ರೆ, ಸೋಮವಾರ ನೀವು ಕೇಳೋಕೆ ಬರೋ ಹುಡುಗಿ ನಾನಾಗಿರಲ್ಲ.”

ಅವನು ಹೊರಟುಹೋದ.

ಮರುದಿನ ಅವಳು ಕಾಮಗೆರೆಯಲ್ಲಿ ಬಸ್ಸಿಳಿದು, ಅವನು ಹಿಟ್ಟು ಮಾಡಿಸುವ ಗಿರಣಿಗೇ ಬಂದಳು. ಚೀಲಕ್ಕೆ ಒರಗಿ ಸರದಿ ಕಾಯುತ್ತಿದ್ದ ಶಿವಶಂಕರ ಕಂಡೂ ಕಾಣದವನಂತೆ ಮುಖ ತಿರುಗಿಸಿದ.

ಗಿರಣಿಯ ಪುಟ್ಟಮಲ್ಲಪ್ಪ ನಕ್ಕ. “ಇಟ್ಟು ನೋಡಕ್ ಬಂದ್ಯವ್ವ, ಇಲ್ಲಾ ಈ ಗಂಡ್ನಾ?”

“ಎರಡನ್ನೂ, ಯಜಮಾನ್ರೇ. ಹೋದ್ಸಲ ಇವರದ್ದು ಹಾಕೋ ಮುಂಚೆ ಮಿಷಿನ್ನಿಗೆ ಏನು ಹಾಕಿದ್ರಿ?”

“ಕೋಳಿ ಮೇವ್ಗೆ ಅಂತ ಫಾರಮ್ನೋರು ಫಾರಿನ್ನಿಂದ ತರ್ಸಿದ್ ಸೋಯಾ ಇಂಡಿ. ಮೆಣಸಿನಕಾಯಾದ್ರೆ ಮಿಷಿನ್ ಒರೆಸ್ತೀವಿ. ಇಂಡಿಗ್ಯಾರು ಒರೆಸ್ತಾರೆ?”

ಕಲ್ಲಿನ ಸಂದಿಯಲ್ಲಿ ಉಳಿದದ್ದು ಮುಂದಿನವರ ಚೀಲ ಸೇರುತ್ತದೆ. ಊರಿಗೆಲ್ಲ ತಿಳಿದ ಮಾತು. ಶಿವಶಂಕರನಿಗೆ ಮಾತ್ರ ಅದು ಇಂದು ಹೊಸ ಗಾಯದಂತೆ ನೋಯಿತು.

“ನಾನು ಸುಳ್ಳು ಏಳಿಲ್ಲ ಅಂತ ಈಗಾದ್ರೂ ತಿಳೀತಾ?”

“ನಿನ್ನೆಯೇ ತಿಳಿದಿತ್ತು. ಆದರೂ ರಿಪೋರ್ಟ್ ಬದಲಾಗಲ್ಲ.”

ಗಿರಣಿಯ ಪಟ್ಟಿ ಪಟಪಟನೆ ಸುತ್ತುತ್ತಿತ್ತು. ಅವನು ತನ್ನ ಚೀಲವನ್ನು ಸರದಿಯಿಂದ ಪಕ್ಕಕ್ಕೆ ಎಳೆದ.

“ಬದಲಾಯಿಸ್ಬ್ಯಾಡಿ. ಅನೂರು, ಯಳಂದೂರು, ಎಲ್ಲಾ ಅಂಗಡಿಯಿಂದ್ಲೂ ಪೊಟ್ಟಣ ವಾಪಸ್ ತತ್ತೀನಿ. ಯಾಕೆ ಅಂತ ಕೇಳಿದ್ರೆ ಇರೋದು ಇದ್ದಂಗೇ ಏಳ್ತೀನಿ.” ಅವನ ಸ್ವರ ಕುಸಿಯಿತು. “ಆದ್ರೆ ಸೋಮ್ವಾರ ನಿಮ್ಮಪ್ಪಾರ ಮುಂದೆ ಯಾವ ಮುಖ ಇಟ್ಕಂಡು ಕೂರ್ಲಿ?”

ಅವಳು ಅವನ ಕೈ ಹಿಡಿದಳು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು, ಅವಳು ಬಿಡಲಿಲ್ಲ.

“ಅಂಗಡಿಯೋರಿಗೆ ನಿಜ ಹೇಳಿ ಬಂದ ಮುಖ. ನಮ್ಮಪ್ಪ ಅದನ್ನೇ ನೋಡ್ಲಿ.”