ಸತ್ತವಳು ಕಳಿಸಿದ ಮತ

ಸುಪೀರಿಯರ್ ಸರೋವರದ ಮಂಜು ಬೀದಿಯನ್ನೆಲ್ಲ ನುಂಗಿ ಕೂತಿದ್ದ ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಕೌಂಟಿಯ ಚುನಾವಣಾ ಗುಮಾಸ್ತೆ ಬರ್ನೀಸ್ ಲಕ್ರ್ವಾ ನಮ್ಮ ಬಾಗಿಲು ಬಡಿದಳು. ಅಡಾ ಪೆನ್‌ಹೇಲ್ ರಾಜ್ಯ ಪೊಲೀಸಿನ ಪತ್ತೇದಾರಿಕೆಯಿಂದ ನಿವೃತ್ತರಾಗಿ ಊರಿಗೆ ಮರಳಿದ್ದರು. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ದನದ ಡಾಕ್ಟರು ನಾನು.

"ಅಡಾ, ನನ್ನನ್ನ ಜೈಲಿಗೆ ಕಳಿಸ್ತಾರಂತೆ," ಎಂದು ಬರ್ನೀಸ್ ಕೋಟನ್ನೂ ಬಿಚ್ಚದೆ ಕುಸಿದು ಕುಳಿತಳು. "ಐಲಿ ಕೊಸ್ಕೆಲಾ ಓಟು ಕಳಿಸಿದಾಳೆ!"

ಐಲಿಯ ಶವಪೆಟ್ಟಿಗೆಗೆ ಸೆಪ್ಟೆಂಬರಿನಲ್ಲಿ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ಆ ಸಲ ನಮ್ಮ ಕ್ಷೇತ್ರದಿಂದ ವಾಷಿಂಗ್ಟನ್ನಿನ ಕೆಳಮನೆಗೆ ಗಣಿಯವರ ಕಡೆಯ ಅಭ್ಯರ್ಥಿ ಸುಲಭವಾಗಿ ಗೆದ್ದಿದ್ದ. ಶಾಲೆಗೆ ಹೆಚ್ಚಿನ ತೆರಿಗೆ ಕೊಡುವ ಪ್ರಸ್ತಾಪ ಬಿದ್ದುಹೋಗಿತ್ತು. ಮತಪತ್ರದ ತೀರ ಕೆಳಗೆ ನಮ್ಮ ಕೌಂಟಿಯದೇ ಒಂದು ಪ್ರಶ್ನೆ ಇತ್ತು: ಸ್ಮಶಾನದ ಗುಡ್ಡವನ್ನು ತಾಮ್ರದ ಗಣಿ ಅಗೆಯದಂತೆ ಕಾಪಾಡಬೇಕೇ? ಗಣಿಯವನನ್ನು ಗೆಲ್ಲಿಸಿದ ಎಷ್ಟೋ ಕೈಗಳೇ ಅಲ್ಲಿ 'ಹೌದು' ಎಂದು ಗುರುತು ಹಾಕಿದ್ದವು. ಅಜ್ಜ ಅಜ್ಜಿಯರು ಆ ಮಣ್ಣಲ್ಲಿ ಮಲಗಿದ್ದರಲ್ಲ. ಎಣಿಸಿ ಮುಗಿಸಿದಾಗ ಹೌದು, ಇಲ್ಲ ಎರಡೂ ಸಮನಾಗಿ ನಿಂತಿದ್ದವು. ಸಮನಾದರೆ ಪ್ರಸ್ತಾಪ ಬಿದ್ದಂತೆಯೇ. ಬಿಚ್ಚದೆ ಉಳಿದಿದ್ದದ್ದು ಐಲಿಯ ಲಕೋಟೆ ಒಂದೇ.

"ಸತ್ತವಳಿಗೆ ಅಂಚೆಯಲ್ಲಿ ಮತಪತ್ರ ಹೋಗಿದ್ದು ಹೇಗೆ?" ಎಂದರು ಅಡಾ.

"ಮರಣದ ಕಾಗದ ನಮ್ಮ ಕಚೇರಿಗೆ ಬರೋದು ತಡ ಆಯ್ತು. ಅಷ್ಟರಲ್ಲಿ ಪತ್ರ ಹೊರಟಿತ್ತು. ಆದ್ರೆ ಸಹಿ ಮಾತ್ರ ಅವಳದ್ದೇ, ಅಡಾ! ಅವಳ ಹಳೇ ಸಹಿಗಳ ಪಕ್ಕ ಇಟ್ಟು ನೋಡಿದೆ. ಮೈ ಜುಮ್ ಅಂತು. ನಾನು ಗುಡ್ಡದ ಪರ ಮನೆಮನೆ ತಿರುಗಿದವಳು. ಅದಕ್ಕೇ ನಾನೇ ನಕಲು ಸಹಿ ಹಾಕಿದೆ ಅಂತ ರೇನೋ ನನ್ನ ಮೇಲೆ ದೂರು ಕೊಟ್ಟಿದಾನೆ."

ರೇನೋ ಎಂದರೆ ಐಲಿಯ ಅಣ್ಣನ ಮಗ. ಗುಡ್ಡಕ್ಕೆ ಅಂಟಿಕೊಂಡ ಕೊಸ್ಕೆಲಾ ಮನೆಯಲ್ಲಿ ಅವಳಿ ಸೋದರಿಯರಾದ ಹೆಲ್ಮಿ ಮತ್ತು ಐಲಿ ಇಬ್ಬರೇ ಇದ್ದರು. ಐಲಿ ಹರೆಯದಲ್ಲಿ ಹಡಗಿನವನೊಬ್ಬನ ಜೊತೆ ಓಡಿಹೋಗಿ, ಅವನು ಸತ್ತ ಮೇಲೆ ತಿರುಗಿ ಬಂದವಳು. ಅಪ್ಪ ಅವಳನ್ನು ಕ್ಷಮಿಸಲಿಲ್ಲ. ಮನೆಯನ್ನು ಹೆಲ್ಮಿ ಬದುಕಿರುವ ತನಕ ಅವಳಿಗೆ, ಆಮೇಲೆ ಮೊಮ್ಮಗ ರೇನೋಗೆ ಎಂದು ಬರೆದಿಟ್ಟ. ಅದನ್ನು ಗಣಿಗೆ ಮಾರಲು ರೇನೋ ತುದಿಗಾಲಲ್ಲಿ ನಿಂತಿದ್ದ.

ಅಡಾ ಮೊದಲು ಅಂಚೆಯ ಡ್ವೇನನ ಬಳಿ ಹೋದರು. ಅವನು ಗಾಡಿಯಿಂದ ಇಳಿಯಲೇ ಒಲ್ಲ.

"ಕೊಸ್ಕೆಲಾ ಮನೆ ಡಬ್ಬಿ ಹತ್ರ ನಿಂತಿದ್ಲು, ಮೇಡಂ. ಮಂಜಿನೊಳಗೆ. ಐಲಿಯ ಅದೇ ನೀಲಿ ಕೋಟು. ಲಕೋಟೆ ಕೈಗೆ ಕೊಟ್ಟು, 'ಜೋಪಾನ ಡ್ವೇನ್, ಇದು ಕಳೆದುಹೋಗಬಾರದು' ಅಂದ್ಲು. ಹಿಂದಿನ ಸಲ ಅಂದಿದ್ದೂ ಅದೇ ಮಾತು, ಅದೇ ಧಾಟಿ. ನಾನು ತಿರುಗಿ ನೋಡಲಿಲ್ಲ."

"ಕುಡಿದಿದ್ದೆಯೇನಪ್ಪಾ?" ಎಂದೆ ನಾನು.

"ಆಮೇಲೆ ಕುಡಿದೆ, ಡಾಕ್ಟ್ರೇ."

ಅಲ್ಲಿಂದ ಗುಡ್ಡದ ಮನೆಗೆ ಹೋದೆವು. ಹೆಲ್ಮಿ ಬಾಗಿಲು ತೆರೆದಳು. ಬಲಗೈಗೆ ಮಣಿಕಟ್ಟಿನ ತನಕ ಬಟ್ಟೆ ಸುತ್ತಿದ್ದಳು. "ಉಳುಕಿದೆ" ಎಂದಷ್ಟೇ ಹೇಳಿ ಅಡುಗೆಮನೆಯಲ್ಲಿ ಕೂರಿಸಿದಳು. ಮಾತಾಡುತ್ತಲೇ ಎಡಗೈಯಲ್ಲಿ ಚಾಕು ಹಿಡಿದು ಆಲೂಗಡ್ಡೆ ಹೆರೆಯುತ್ತಿದ್ದಳು. ಸಿಪ್ಪೆ ಎಲ್ಲಿಯೂ ಕಡಿಯದೆ ರಿಬ್ಬನಿನಂತೆ ಕೆಳಗಿಳಿಯುತ್ತಿತ್ತು. ಕಿಟಕಿಯಾಚೆ, ಮಂಜು ಸರಿದಾಗೆಲ್ಲ ಐಲಿಯ ಹೊಸ ಕಲ್ಲು ಇಣುಕಿ ಮರೆಯಾಗುತ್ತಿತ್ತು. ಹೆಲ್ಮಿ ಒಮ್ಮೆಯೂ ಆ ಕಡೆ ನೋಡಲಿಲ್ಲ.

"ಐಲಿ ಹೋಗಿದ್ದು ಹೇಗೆ?" ಎಂದು ಅಡಾ ಮೆಲ್ಲನೆ ಕೇಳಿದರು.

"ಹಿತ್ತಲ ಸೌನಾದಲ್ಲಿ, ಆ ಹಬೆಮನೆಯ ಬಿಸಿಯಲ್ಲಿ ಕೂತಿದ್ಲು. ಎದೆ ನಿಂತುಹೋಯ್ತು. ಬಾಗಿಲು ತೆಗೆದಾಗ ನನ್ನ ಮುಖವೇ ಸತ್ತು ಕೂತಿತ್ತು."

"ನೀವು ಈ ಸಲ ಓಟು ಹಾಕಿದ್ರಾ?"

ಚಾಕು ಅರೆಗಳಿಗೆ ನಿಂತಿತು. "ಮನಸ್ಸಾಗಲಿಲ್ಲ."

ಹೊರಗೆ ಬಂದು ನಾನು ಕೋಟಿನ ಗುಂಡಿ ಹಾಕಿಕೊಂಡೆ. "ಅಡಾ, ನಾನು ದೆವ್ವ ನಂಬುವವನಲ್ಲ. ಆದರೂ..."

"ಸತ್ತವಳು ಓಟು ಹಾಕಿದ್ದಕ್ಕೆ ಊರೆಲ್ಲ ನಡುಗ್ತಿದೆ, ಡಾಕ್ಟ್ರೇ. ನನಗೆ ನಿದ್ದೆಗೆಡಿಸಿರೋದು ಬದುಕಿರೋಳು ಹಾಕದೆ ಇದ್ದದ್ದು."

ಮಾರನೆಯ ಮಧ್ಯಾಹ್ನ ಮತಗಳ ಕೊನೆಯ ತಪಾಸಣೆ. ಕೌಂಟಿ ಕಚೇರಿಯ ಕೋಣೆಯಲ್ಲಿ ಬರ್ನೀಸ್, ಡ್ವೇನ್, ರೇನೋ, ತಪಾಸಣಾ ಮಂಡಳಿಯ ಹಿರಿಯರು ಸೇರಿದ್ದರು. ಶೆರಿಫ್ ಟ್ರೆವಾರೋ ಬಾಗಿಲ ಬಳಿ ನಿಂತಿದ್ದ. ಅಡಾ ಹೇಳಿಕಳಿಸಿದ್ದರಿಂದ ಹೆಲ್ಮಿಯೂ ಬಂದು ಮೂಲೆಯಲ್ಲಿ ಕುಳಿತಿದ್ದಳು. ಮೇಜಿನ ನಡುವೆ ಆ ಲಕೋಟೆ. ಅದರ ಹತ್ತಿರ ಕೈಯಿಡಲು ಯಾರಿಗೂ ಧೈರ್ಯವಿರಲಿಲ್ಲ.

"ಇದರಲ್ಲಿ ಒಗಟೇನಿದೆ?" ಎಂದ ರೇನೋ. "ಬರ್ನೀಸ್ ಹತ್ರ ಹಳೇ ಸಹಿ ಇದ್ವು. ನಕಲು ಹೊಡೆದ್ಲು. ಕೈಗೆ ಕೋಳ ಹಾಕಿ, ಮುಗೀತು."

"ನಕಲು ಮಾಡೋ ಕೈ ಅಂಜುತ್ತೆ, ರೇನೋ. ನಡುನಡುವೆ ನಿಲ್ಲುತ್ತೆ," ಎಂದರು ಅಡಾ. "ಈ ಸಹಿ ಒಂದೇ ಉಸಿರಿಗೆ ಹರಿದಿದೆ. ಇನ್ನೊಂದು ನೋಡಿ. ಹಸಿ ಶಾಯಿಯ ಮೇಲೆ ಬರೆಯೋ ಕೈಯೇ ಉಜ್ಜಿಕೊಂಡು ಹೋಗಿದೆ. ಎಡಗೈಯವರು ಬರೆದರೆ ಹೀಗಾಗುತ್ತೆ. ಐಲಿ ಎಡಚಿ. ಬರ್ನೀಸ್ ಬಲಗೈಯವಳು."

"ಹಾಗಾದ್ರೆ ಐಲಿಯೇ ಎದ್ದು ಬಂದು ಬರೆದ್ಲಾ?" ಎಂದ ಶೆರಿಫ್. ನಗಲು ಹೋದವನ ದನಿ ಒಡೆಯಿತು.

"ಐಲಿಯೇ ಬರೆದಿದ್ದು. ಎದ್ದು ಬರೋ ಕೆಲಸ ಇರಲಿಲ್ಲ ಅಷ್ಟೇ. ಡ್ವೇನ್ ಸುಳ್ಳು ಹೇಳಲಿಲ್ಲ. ಅವನು ಕಂಡ ಕೋಟು, ಕೇಳಿದ ದನಿ ಎರಡೂ ಐಲಿಯವೇ. ಇನ್ನು ಬರ್ನೀಸ್, ನೀನು ಹೇಳು. ಹೆಲ್ಮಿ ಇದಕ್ಕೆ ಮುಂಚೆ ಎಂದಾದರೂ ಓಟು ತಪ್ಪಿಸಿದ್ಲಾ?"

"ಇಲ್ಲಪ್ಪ. ಕಾಲು ಮುರಿದ ವರ್ಷವೂ ಕಳಿಸಿದ್ಲು."

"ಪ್ರಾಣಕ್ಕಿಂತ ಹೆಚ್ಚಾಗಿ ಓಟನ್ನ ಹಿಡಿದುಕೊಂಡವಳು, ತನ್ನ ಮನೆ ಹಿಂದಿನ ಗುಡ್ಡದ ಪ್ರಶ್ನೆ ಬಂದಾಗ ಸುಮ್ಮನೆ ಕೂತ್ಲು. ಹೆಲ್ಮಿ ಬಲಗೈಯವಳು. ಆ ಕೈ ಉಳುಕಿದೆ, ಸರಿ. ಆದರೆ ಎಡಗೈ ಆಲೂಗಡ್ಡೆಯನ್ನ ಅಷ್ಟು ನಾಜೂಕಾಗಿ ಹೆರೆಯೋಕೆ ಒಂದು ಜನ್ಮದ ಅಭ್ಯಾಸ ಬೇಕು. ಬಲಗೈಗೆ ಬಟ್ಟೆ ಸುತ್ತಿದ್ದು ನೋವಿಗಲ್ಲ. ಹೆಲ್ಮಿಯ ಹಾಗೆ ಸಹಿ ಮಾಡು ಅಂತ ಯಾರೂ ಕೇಳಬಾರದು ಅಂತ." ಅಡಾ ಮೂಲೆಯತ್ತ ತಿರುಗಿದರು. ದನಿ ಮೆತ್ತಗಾಯಿತು. "ಸೌನಾದಲ್ಲಿ ಸತ್ತವಳು ಹೆಲ್ಮಿ. ಅವಳು ಸತ್ತಳು ಅಂತ ತಿಳಿದ ದಿನವೇ ರೇನೋ ನಿಮ್ಮನ್ನ ಹೊರಗೆ ಹಾಕ್ತಿದ್ದ. ಅದಕ್ಕೇ ನೀವು ಸತ್ತಿರಿ, ಅಲ್ವಾ ಐಲಿ?"

ಡ್ವೇನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಎಲ್ಲರಿಗಿಂತ ಮೊದಲು ಎಚ್ಚೆತ್ತವನು ರೇನೋ. ಅವನ ಮುಖದಲ್ಲಿ ಲೆಕ್ಕಾಚಾರ ಓಡಿದ್ದು ನನಗೆ ಎದ್ದು ಕಂಡಿತು: ಗುಡ್ಡ ಅಗೆಯುವಂತಿಲ್ಲದಿದ್ದರೆ ಗಣಿಯವರು ಆ ಮನೆಯನ್ನು ಕೊಳ್ಳುವುದಿಲ್ಲ. ಸರಸರನೆ ಮೂಲೆಗೆ ಹೋಗಿ ಮಂಡಿಯೂರಿದ.

"ಹೆಲ್ಮಿ ಅತ್ತೆ, ಇವರ ಮಾತು ಕೇಳಬೇಡಿ. ಇದಕ್ಕೆಲ್ಲ ಸಾಕ್ಷಿ ಏನಿದೆ? ನೀವು ಹೆಲ್ಮಿ ಅಂತಾನೇ ಹೇಳಿ. ಸಾಯೋತನಕ ಆ ಮನೇಲಿ ಇರಿ, ನಾನು ಚಕಾರ ಎತ್ತಲ್ಲ. ಒಂದು ಲಕೋಟೆ ಕಸದ ಬುಟ್ಟಿಗೆ ಹೋಗುತ್ತೆ, ಅಷ್ಟೇ ತಾನೆ?"

ಆ ಮುದುಕಿ ಅವನ ಕೈಯನ್ನು ಪಕ್ಕಕ್ಕೆ ಸರಿಸಿದಳು. "ಬರ್ನೀಸ್‌ಗೆ ಏನಾಗುತ್ತೆ?"

ರೇನೋ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಬರ್ನೀಸ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಅಕ್ಕನ್ನ ನನ್ನ ಹೆಸರಿನ ಕೆಳಗೆ ಮಲಗಿಸಿಬಿಟ್ಟೆ," ಎಂದಳು ಮುದುಕಿ, ಯಾರಿಗೆಂದಿಲ್ಲದೆ. "ದಿನಾ ಕಿಟಕಿಯಿಂದ ನನ್ನ ಗೋರಿ ಕಾಣೋದು. ಒಂದೊಂದು ಸಂಜೆ ನಾನೇ ಅಲ್ಲಿದೀನಿ, ಅವಳೇ ಇಲ್ಲಿ ಒಲೆ ಮುಂದೆ ಕೂತಿದಾಳೆ ಅನ್ನಿಸಿಬಿಡೋದು. ಮನೆ ಬೇಕು ಅಂತ ಅಷ್ಟು ಮಾಡಿದೆ. ಆದ್ರೆ ಅವಳನ್ನ ಗಣಿಯವರು ಅಗೆದು ಹಾಕ್ತಾರೆ ಅಂದ್ರೆ ಹೇಗೆ ಬಿಡ್ಲಿ? ಓಟು ಹಾಕದೆ ಇರೋಕಾಗಲಿಲ್ಲ."

"ಮನೆಗೆ ಹೆಲ್ಮಿಯ ಮತಪತ್ರವೂ ಬಂದಿತ್ತಲ್ಲ?" ಎಂದೆ ನಾನು, ತಡೆಯಲಾರದೆ. "ಹೇಗೋ ಒಂದು ಸಹಿ ಗೀಚಿ ಅದನ್ನೂ ಕಳಿಸಬಹುದಿತ್ತು. ಯಾರಿಗೂ ಅನುಮಾನ ಬರ್ತಿರಲಿಲ್ಲವೇನೋ."

"ಅದು ಹೇಗಾಗುತ್ತೆ, ಡಾಕ್ಟ್ರೇ? ಬದುಕಿರೋದು ಒಬ್ಬಳೇ ಅಲ್ವಾ?"

ಅವಳು ಬಲಗೈಯ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಒಳಗಿನ ಕೈ ನೆಟ್ಟಗಿತ್ತು, ಬೆಳಕು ಕಾಣದೆ ಬಿಳಿಚಿತ್ತು. ಮೇಜಿನ ಬಳಿ ಬಂದು, ಲೇಖನಿಯನ್ನು ಎಡಗೈಯಲ್ಲಿ ಹಿಡಿದು, ಒಂದೇ ಉಸಿರಿಗೆ ಬರೆದಳು: ಐಲಿ ಕೊಸ್ಕೆಲಾ.

ಸುಳ್ಳು ಹೇಳಿಕೆಗಾಗಿ ನ್ಯಾಯಾಧೀಶರು ಅವಳನ್ನು ಗದರಿಸಿ ಬಿಟ್ಟರು. ಮರಣದ ಕಾಗದವನ್ನು ತಿದ್ದಿದ ಮೇಲೆ ಮಂಡಳಿಯವರು ಲಕೋಟೆಯನ್ನು ಬಿಚ್ಚಿದರು. ಗುಡ್ಡ ಒಂದು ಮತದಿಂದ ಉಳಿಯಿತು. ಮೊದಲ ಹಿಮ ಬೀಳುವ ಮುನ್ನ ರೇನೋ ಮನೆಗೆ ಬೀಗ ಹಾಕಿದ. ಐಲಿಯ ಎರಡು ಪೆಟ್ಟಿಗೆಗಳನ್ನು ಬರ್ನೀಸ್ ತನ್ನ ಮನೆಯ ಕೆಳಗಿನ ಕೋಣೆಗೆ ತಾನೇ ಹೊತ್ತು ತಂದಳು. ಅವಳ ಹಿಂದೆಯೇ ಐಲಿ, ಅಂಗಡಿ ಸಾಲಿನ ಉದ್ದಕ್ಕೂ ತನ್ನ ನೀಲಿ ಕೋಟು ತೊಟ್ಟು, ಕಂಡಕಂಡವರಿಗೆಲ್ಲ ತಲೆಬಾಗಿ ನಮಸ್ಕರಿಸುತ್ತ ನಡೆದಳು. ಕೆಲವರು ಬೆಚ್ಚಿ ಪಕ್ಕಕ್ಕೆ ಸರಿದರು.

"ಹೆದರಬೇಡ್ರಪ್ಪಾ," ಎಂದಳು. "ಮುಟ್ಟಿ ನೋಡಿ, ಬೆಚ್ಚಗಿದೀನಿ."