ಒಬ್ಬನಾದರೂ ಗೊಣಗಬೇಕು

ಸ್ಟ್ರಾಬೆರಿ ಕೆಂಪಗಿರಬೇಕು, ಸಿಹಿಯಾಗಿರಬೇಕು, ಒಪ್ಪೋಣ. ಅದನ್ನು ಕಿತ್ತವನು ಖುಷಿಯಾಗಿಯೂ ಇರಬೇಕು ಎಂದರೆ? ಗ್ರೀಸಿನ ತೋಟಗಾರ ಸರಾಂದಿಸನ ಹೊಟ್ಟೆಗೆ ಬೆಂಕಿ ಬಿದ್ದದ್ದು ಈ ಮಾತಿಗೆ. ಅವನ ಅಪ್ಪ ಪಾತ್ರಾ ಪಟ್ಟಣದ ರಸ್ತೆಯ ಬದಿಯಲ್ಲಿ ನಿಂತು ಲಾರಿಗಟ್ಟಲೆ ಹಣ್ಣು ಮಾರಿದ್ದ. ಕಿತ್ತವರು ಯಾರು, ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಈಗ ನೋಡಿದರೆ ಜರ್ಮನಿಯ ಅಂಗಡಿಯವರು ಹೇಳಿ ಕಳಿಸಿದ್ದಾರೆ: ಆಳುಗಳನ್ನು ಕೂಡಿಹಾಕಿ ದುಡಿಸುವ ತೋಟದ ಹಣ್ಣು ನಮಗೆ ಬೇಡ, ನಮ್ಮವರೊಬ್ಬರು ಬಂದು ನೋಡಿ ಒಪ್ಪಿದರೆ ಮಾತ್ರ ಈ ಸಲದ ಫಸಲು ಕೊಳ್ಳುತ್ತೇವೆ.

ಕೊಳ್ಳದಿದ್ದರೆ ಗತಿ ಏನು? ಗಿಡದಲ್ಲೇ ಕೊಳೆಯುವ ಹಣ್ಣು ಅದು. ಪಕ್ಕದ ತೋಟದ ದಾಯಾದಿ ಮೆನೆಲಾವೋಸನ ಪಾಡು ಕಣ್ಣೆದುರಿಗೇ ಇತ್ತು. ಆ ಪೆದ್ದ ತನ್ನ ಆಳುಗಳಿಗೆಲ್ಲ ಹೊಸ ಅಂಗಿ ಹೊಲಿಸಿ, "ನಾವು ತುಂಬಾ ಸಂತೋಷವಾಗಿದ್ದೇವೆ" ಎಂದು ಬಾಯಿಪಾಠ ಮಾಡಿಸಿದ್ದ. ಅವರೆಲ್ಲ ಚರ್ಚಿನಲ್ಲಿ ಹಾಡುವವರ ಹಾಗೆ ಒಂದೇ ರಾಗದಲ್ಲಿ ಒಪ್ಪಿಸಿದರು. ಬಂದವರು ಕಾಫಿಯನ್ನೂ ಮುಟ್ಟದೆ ಎದ್ದು ಹೋದರು. ಮೆನೆಲಾವೋಸ್ ಈಗ ಕಲ್ಲಂಗಡಿ ಬೆಳೆಯುತ್ತಾನೆ.

ಸುಳ್ಳು ಹೇಳುವುದಕ್ಕೂ ಒಂದು ಹದ ಬೇಕು ಎಂದುಕೊಂಡ ಸರಾಂದಿಸ್. ಎಲ್ಲರೂ ಸುಖವಾಗಿರುವ ಜಾಗ ಭೂಮಿಯ ಮೇಲೆ ಎಲ್ಲಿದೆ? ಅವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರಬೇಕು. ಆಳುಗಳನ್ನೆಲ್ಲ ಹಣ್ಣು ತುಂಬುವ ಚಪ್ಪರದಡಿ ಕರೆದ.

"ಕೇಳ್ರೋ ಇಲ್ಲಿ. ನಾಳಿದ್ದು ತೋಟ ನೋಡೋಕೆ ಅಂಗಡಿಯವ್ರ ಮೇಡಂ ಬಂದಾಗ ನಿಮ್ಮಲ್ಲಿ ಒಬ್ಬ ಗೊಣಗ್ಬೇಕು. ಆಗ್ಲೇ ಅವ್ರಿಗೆ ನಂಬ್ಕೆ ಬರೋದು."

ಅಷ್ಟೂ ಜನರ ಕೈಗಳು ಒಟ್ಟಿಗೆ ಮೇಲೆದ್ದವು.

"ಒಬ್ಬ ಅಂದೆ, ಒಬ್ಬ!"

ಬಾಂಗ್ಲಾದೇಶದ ಮೊಫಿಜ್ ಮುಂದೆ ಬಂದ. "ನಾನು ಗೊಣಗ್ತೀನಿ ಯಜಮಾನ್ರೇ. ಅಮ್ಮ ಹಾಸಿಗೆ ಹಿಡಿದವ್ಳೆ, ಪಾಸ್‌ಪೋರ್ಟ್ ಕೊಡಿ, ಊರಿಗೆ ಹೋಗ್ಬೇಕು."

"ಅದು ಗೊಣಗೋದಲ್ಲ ಕಣೋ, ಅದು ಪೊಲೀಸ್ ಕೇಸು! ಸಣ್ಣದೇನಾದ್ರೂ ಹೇಳು. ಬೇಳೆ ಸಾರಿಗೆ ಉಪ್ಪು ಕಮ್ಮಿ ಅನ್ನು."

ಆಳುಗಳಿಗೆ ಅಡುಗೆ ಮಾಡುತ್ತಿದ್ದವಳು ಅವನ ಸೋದರತ್ತೆ ಪೊಲಿಕ್ಸೇನಿ. ಸೌಟು ಹಿಡಿದುಕೊಂಡೇ ಒಲೆಯ ಬಳಿಯಿಂದ ಬಂದಳು.

"ಯಾರ ಸಾರಿಗೋ ಉಪ್ಪು ಕಮ್ಮಿ? ಇದೇ ಸಾರು ಉಂಡು ನಿಮ್ಮಪ್ಪ ತೊಂಬತ್ತು ದಾಟ್ಲಿಲ್ವೇನೋ?"

"ಅಯ್ಯೋ ಅತ್ತೆ, ಇದು ಬರೀ ನಾಟಕ."

"ನಿನ್ನ ನಾಟಕಕ್ಕೆ ನನ್ನ ಸಾರ್ಯಾಕೆ? ಯಜಮಾನನ ಮೋರೆ ಚೆನ್ನಾಗಿಲ್ಲ ಅಂತ ಹೇಳಿಸ್ಕೋ, ಸುಳ್ಳೂ ಆಗಲ್ಲ."

ಕೊನೆಗೆ ಅತ್ತೆಯ ಹುಂಜದ ಮೇಲೆ ಒಪ್ಪಂದವಾಯಿತು. ಹಾಳಾದ್ದು ಬೆಳಗಿನ ಜಾವ ಕೂಗಿ ನಿದ್ದೆ ಕೆಡಿಸುತ್ತದೆ ಎಂದು ಮೊಫಿಜ್ ದೂರಬೇಕು. ಅವನು ಎರಡು ಸಲ ಹೇಳಿ ಅಭ್ಯಾಸ ಮಾಡಿ, "ಹುಂಜಕ್ಕಾದ್ರೂ ಪಾಸ್‌ಪೋರ್ಟ್ ಕೊಡ್ತೀರಾ ಯಜಮಾನ್ರೇ?" ಎಂದು ಕೇಳಿದ. ಚಪ್ಪರದಡಿ ನಗುವೋ ನಗು. ಸರಾಂದಿಸನೂ ನಕ್ಕ. ಆಮೇಲೆ ತಣ್ಣಗೆ ಹೇಳಿದ: ಆ ದಿನ ಎಲ್ಲರ ಪಾಸ್‌ಪೋರ್ಟೂ ಅವರವರ ಜೇಬಿನಲ್ಲಿರುತ್ತದೆ, ಮೇಡಂ ಕಾರು ಹತ್ತಿದ ಕೂಡಲೇ ವಾಪಸ್ಸು ಕೊಡಬೇಕು, ಬೇರೆ ಏನಾದರೂ ಬಾಯಿಬಿಟ್ಟವನು ಅದನ್ನು ಜನ್ಮದಲ್ಲಿ ಮತ್ತೆ ಕಾಣುವುದಿಲ್ಲ.

ಇನ್ನು ಅವರು ಮಲಗುವ ಜಾಗ. ಹಿಂದೆ ಗೊಬ್ಬರದ ಚೀಲ ಇಡುತ್ತಿದ್ದ ಕಬ್ಬಿಣದ ಬಾಗಿಲಿನ ಕೋಣೆ ಅದು. ಸರಾಂದಿಸ್ ಅದಕ್ಕೆ ನೀಲಿ ಬಣ್ಣ ಹೊಡೆಸಿದ, ಹೊಸ ಹಾಸಿಗೆ ಹಾಕಿಸಿದ, ಟಿವಿ ಇಡಿಸಿದ. ಬೆಕ್ಕೂ ನುಸುಳದಂಥ ಕಿಂಡಿಗೆ ಆಳೆತ್ತರದ ಹೂವಿನ ಪರದೆ ಬಿಟ್ಟ. ಹೊರಗೆ ತೂಗುತ್ತಿದ್ದ ದಪ್ಪ ಬೀಗವನ್ನು ಬಿಚ್ಚಿ ಬಾವಿಗೆಸೆದ. ಮೆನೆಲಾವೋಸನಿಗೆ ಈ ಬುದ್ಧಿ ಏಳು ಜನ್ಮಕ್ಕೂ ಬರುತ್ತಿರಲಿಲ್ಲ ಎಂದು ಮೀಸೆಯಲ್ಲೇ ನಕ್ಕ.

ಥೆಸಲೋನಿಕಿ ನಗರದಿಂದ ಬಂದ ಮೇಡಂ ಹೆಸರು ಕಲ್ಲಿಯೋಪಿ. ಅತ್ತೆ ಕೊಟ್ಟ ಕಾಫಿ ಕುಡಿದರು, ಕಿತ್ತಳೆ ಸಿಪ್ಪೆಯ ಮಿಠಾಯಿಯನ್ನು ಎರಡು ಸಲ ಹಾಕಿಸಿಕೊಂಡರು. ಸರಾಂದಿಸನನ್ನು ದೂರ ಕಳಿಸಿ ಒಬ್ಬೊಬ್ಬರನ್ನೇ ಮಾತಾಡಿಸಿದರು. ಎಲ್ಲರ ಜೇಬಿನಲ್ಲೂ ಪಾಸ್‌ಪೋರ್ಟ್ ಇತ್ತು. ಮೊಫಿಜ್ ಹುಂಜದ ಮೇಲೆ ದೂರು ಹೇಳಿದಾಗ ಮೇಡಂ ಗಹಗಹಿಸಿ ನಕ್ಕರು. ಹೇಳುತ್ತ ಹೇಳುತ್ತ ಮೊಫಿಜನ ಕಣ್ಣು ತುಂಬಿ ಬಂತು. "ಪಾಪ, ಸರಿಯಾಗಿ ನಿದ್ದೇನೇ ಆಗ್ತಿಲ್ಲ ಇವ್ರಿಗೆ, ಆ ಹುಂಜಕ್ಕೆ ಏನಾದ್ರೂ ಮಾಡಿ" ಎಂದು ಸರಾಂದಿಸನನ್ನು ಕರೆದು ಬುದ್ಧಿ ಹೇಳಿದರು. ಮಾಡ್ತೀನಿ ಮೇಡಂ, ನಾಳೆನೇ ಸಾರು ಮಾಡ್ತೀನಿ ಎಂದ. ಫಸಲು ಮಾರಿದ ಹಾಗೆಯೇ ಆಯಿತು. ಮಲಗುವ ಕೋಣೆಯೊಂದನ್ನು ನೋಡಿಬಿಡೋಣ ಎಂದರು ಮೇಡಂ. ದಯಮಾಡಿ ಎಂದು ಬಾಗಿ ಕರೆದುಕೊಂಡು ಹೋದ.

ಮೇಡಂ ಹಾಸಿಗೆ ಒತ್ತಿ ನೋಡಿದರು, ಪರದೆಯನ್ನು ಹೊಗಳಿದರು. ಸರಾಂದಿಸನಿಗೆ ತಡೆಯಲಾಗಲಿಲ್ಲ. "ಮುಖ್ಯವಾದ್ದು ಇನ್ನೂ ನೋಡೇ ಇಲ್ಲ ಮೇಡಂ!" ಎಂದವನೇ ಬಾಗಿಲನ್ನು ಎಳೆದು ಮುಚ್ಚಿದ. ಬಾಗಿಲ ಹಿಂಬದಿಗೆ ನೆನ್ನೆ ತಾನೇ ಕೈಯಾರೆ ಅಂಟಿಸಿದ ದೊಡ್ಡ ಹಾಳೆ ಕಾಣಿಸಿತು. ಗ್ರೀಕಿನಲ್ಲೂ ಬಂಗಾಳಿಯಲ್ಲೂ ಬರೆದಿತ್ತು: ನೀವು ಸ್ವತಂತ್ರರು, ಯಾವಾಗ ಬೇಕಾದರೂ ಹೊರಡಬಹುದು. ಮೇಡಂ ಗಟ್ಟಿಯಾಗಿ ಓದಿ, "ಎಷ್ಟು ಚೆನ್ನಾಗಿದೆ!" ಎಂದು ಅವನ ಕೈ ಕುಲುಕಿ ಹೊರಡಲು ತಿರುಗಿದರು. ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ಸವರಿದರು. ಹಾಳೆಯ ಅಂಚೆತ್ತಿ ಅದರ ಹಿಂದೆಯೂ ನೋಡಿದರು. ಬರೀ ನುಣ್ಣನೆಯ ಕಬ್ಬಿಣದ ತಗಡು. ಈ ಬಾಗಿಲಿನ ಒಂದೊಂದು ಮೊಳೆಯೂ ಸರಾಂದಿಸನಿಗೆ ಗೊತ್ತಿತ್ತು, ಮುಚ್ಚಿದ ಕೂಡಲೇ ಹೊರಬದಿಯಲ್ಲಿ ತಾನಾಗಿ ಬೀಳುವ ಚಿಲಕವನ್ನು ಮಾಡಿಸಿದವನೂ ಅವನೇ. ಆದರೆ ಬಾಗಿಲು ಮುಚ್ಚಿದ್ದಾಗ ಅವನು ಒಂದು ದಿನವೂ ಒಳಗೆ ನಿಂತವನಲ್ಲ. "ಇದರ ಹಿಡಿ ಎಲ್ಲಿದೆ ಸರಾಂದಿಸ್?" ಎಂದು ಮೇಡಂ ಕೇಳಿದರು. ಅವನ ಬಾಯಿ ಅವನಿಗಿಂತ ಮುಂಚೆ ಉತ್ತರ ಕೊಟ್ಟಿತು: "ಹೊರಗಡೆ ಮೇಡಂ. ಒಳಗಿದ್ರೆ ಇವ್ರು ಬಾಗಿಲು ತೆಗ್ದು ಹೋಗ್ಬಿಡ್ತಾರಲ್ಲ!"